ನೆಲದ ಮೇಲಿನ ಹವಾಯಿ ಸಿಪಾಯಿ

ಭೂಸನೂರಿನ ಧರ್ಮಣ್ಣ ಹದಿನೈದು ವರ್ಷ ಹವಾಯಿ ಫೌಜಿನಲ್ಲಿ, ಅಂದರೆ ವಿಮಾನದ ಪಡೆಯಲ್ಲಿ, ನೌಕರಿ ಮಾಡಿದ. ಕರಾಚಿ, ಅಂಬಾಲಾ, ಲಡಾಯಿಯ ಕಾಲಕ್ಕೆ ಬರ್ಮಾದ ಗಡಿ, ಎಲ್ಲ ಕಂಡು ಬಂದ. ತೋಳಿನ ಮೇಲೆ ಪಟ್ಟಿ ಏರಿಸಿಕೊಂಡ, ಎದೆಯ ಮೇಲೆ ಬಿಲ್ಲೆ ತೂಗಿಸಿಕೊಂಡ. ಅವನ ಬಗ್ಗೆ ಊರಿನವರು ಹೇಳುವ ಕಥೆಗಳಲ್ಲಿ ಅವನು ಜಪಾನಿನವರ ಮೇಲೆ ಬಾಂಬು ಸುರಿದಿದ್ದಾನೆ, ಮೋಡದೊಳಗೆ ದಾರಿ ತಪ್ಪಿ ಮತ್ತೆ ದಾರಿ ಹಿಡಿದಿದ್ದಾನೆ, ಒಮ್ಮೆಯಂತೂ ಹದ್ದಿನ ಜೊತೆ ಜಗಳಾಡಿದ್ದಾನೆ. ನಿಜ ಹೇಳಬೇಕೆಂದರೆ ಧರ್ಮಣ್ಣ ಒಂದು ದಿನವೂ ಆಕಾಶ ಏರಿದವನಲ್ಲ. ಮನೆಯ ಮಾಳಿಗೆ ಏರಿದರೂ ಅವನಿಗೆ ತಲೆ ತಿರುಗುತ್ತಿತ್ತು. ವಿಮಾನದ ರೆಕ್ಕೆಗೆ ಬಟ್ಟೆ ಹೊಲಿಯುವುದು ಅವನ ಕೆಲಸ.

ಆ ಕಾಲದ ವಿಮಾನಗಳು ಪೂರಾ ತಗಡಿನವಲ್ಲ. ಒಳಗೆ ಕಟ್ಟಿಗೆ, ಸಲಾಕಿಗಳ ಹಂದರ, ಅದರ ಮೇಲೆ ಎಳೆದು ಹೊಲಿದ ಬಟ್ಟೆ. ಹೊಲಿದಾದ ಮೇಲೆ ಒಂದು ಘಾಟು ವಾಸನೆಯ ಬಣ್ಣ ಬಳಿದರೆ ಬಟ್ಟೆ ಡೊಳ್ಳಿನ ಚರ್ಮದಂತೆ ಬಿಗಿದುಕೊಳ್ಳುತ್ತಿತ್ತು. ಧರ್ಮಣ್ಣನದು ಕುರಿ ಕಾಯುವ ಹಾಲುಮತದ ಮನೆ. ತಂದೆ ಬೀರಲಿಂಗಪ್ಪ ಕಂಬಳಿ ನೇಯ್ದು, ಪಟ್ಟಿಗೆ ಪಟ್ಟಿ ಕೂಡಿಸಿ ದಬ್ಬಣದಿಂದ ಹೊಲಿಯುತ್ತಿದ್ದ. ಅವನು ತೀರಿಕೊಂಡ ಮೇಲೆ ಕುರಿಗಳು ಕರಗುತ್ತ ಬಂದವು, ಮಗ ಕೆಲಸ ಹುಡುಕಿಕೊಂಡು ಸೊಲ್ಲಾಪುರಕ್ಕೆ ಹೋದ. ಅಲ್ಲಿ ಫೌಜಿನ ಭರ್ತಿ ನಡೆದಿತ್ತು. ನಿನಗೆ ಏನು ಬರುತ್ತದೆ ಎಂದು ಸಾಹೇಬ ಕೇಳಿದಾಗ ಉಳಿದವರು ಕುಸ್ತಿ ಬರುತ್ತದೆ, ಕುದುರೆ ಓಡಿಸಲು ಬರುತ್ತದೆ ಎಂದು ಎದೆ ಉಬ್ಬಿಸಿದರು. ಧರ್ಮಣ್ಣ ಮಾತ್ರ ಕಂಬಳಿ ಹೊಲಿಯಲು ಬರುತ್ತದೆ ಎಂದ. ಎದೆ ಉಬ್ಬಿಸಿದವರನ್ನೆಲ್ಲ ಬಿಟ್ಟು ಇವನನ್ನು ಕರಾಚಿಯ ರೈಲು ಹತ್ತಿಸಿದರು.

ಅವನು ಹೋದ ಮರುವರ್ಷ ಭೂಸನೂರಿನ ಮೇಲೆ ವಿಮಾನ ಹಾರತೊಡಗಿತು. ಅದು ಬೊಂಬಾಯಿಯಿಂದ ಹೈದರಾಬಾದಿಗೆ ಟಪಾಲು ಒಯ್ಯುವ ವಿಮಾನ. ಗುರುವಾರಕ್ಕೊಮ್ಮೆ ಬಿಸಿಲೇರಿದ ಹೊತ್ತಿಗೆ ಬಂದು, ದನಗಳನ್ನು ಬೆದರಿಸಿ, ಗುಲಬರ್ಗಾದ ಕಡೆಗೆ ಹೋಗಿಬಿಡುತ್ತಿತ್ತು. ಧರ್ಮಣ್ಣನ ತಾಯಿ ನಿಂಬೆವ್ವ ಅದನ್ನು ಕಂಡದ್ದೇ ಶರಫುದ್ದೀನನ ಮನೆಗೆ ಓಡಿದಳು. ಶರಫುದ್ದೀನ ತಹಸೀಲ ಕಚೇರಿಯಲ್ಲಿ ಚಪ್ರಾಸಿಯಾಗಿದ್ದು ಹೊರಬಂದವನು. ಗೊತ್ತಿಲ್ಲ ಎನ್ನುವ ಮಾತು ಅವನ ಬಾಯಲ್ಲಿ ಯಾರೂ ಕೇಳಿರಲಿಲ್ಲ; ಮಳೆ ಯಾವಾಗ ಬರುತ್ತದೆ, ನಿಜಾಮರಿಗೆ ಎಷ್ಟು ಮಕ್ಕಳು, ಎಮ್ಮೆ ಯಾಕೆ ಹಾಲು ಕೊಡುತ್ತಿಲ್ಲ, ಎಲ್ಲಕ್ಕೂ ಅವನ ಹತ್ತಿರ ಉತ್ತರವಿತ್ತು. ಅದು ನಮ್ಮ ಧರ್ಮಣ್ಣನ ವಿಮಾನವೇ ಎಂದು ನಿಂಬೆವ್ವ ಕೇಳಿದಳು. ಶರಫುದ್ದೀನ ಗಡ್ಡ ನೀವಿಕೊಂಡು, ಸರಕಾರದ್ದೇ ಜಹಾಜ, ನಿನ್ನ ಮಗನೂ ಸರಕಾರದವನೇ, ಇನ್ನು ಯಾರದಿರುತ್ತದೆ ಎಂದ. ಅಲ್ಲಿಗೆ ಆ ಮಾತು ಕಲ್ಲಿನ ಮೇಲೆ ಕೆತ್ತಿದಂತಾಯಿತು.

ಬಾಳಮ್ಮ ಜೇವರ್ಗಿ ಕಡೆಯ ಇಜೇರಿಯಿಂದ ಈ ಮನೆಗೆ ಸೊಸೆಯಾಗಿ ಬಂದಾಗ ಈ ಗುರುವಾರದ ಪದ್ಧತಿ ಚೆನ್ನಾಗಿ ಬೇರುಬಿಟ್ಟಿತ್ತು. ಮದುವೆಯ ರಜೆ ಮುಗಿದು ಗಂಡ ಕರಾಚಿಗೆ ಹೋಗಿದ್ದ. ಆ ವಾರವೇ ಅತ್ತೆ ಅವಳ ರಟ್ಟೆ ಹಿಡಿದು ಅಂಗಳಕ್ಕೆ ಎಳೆದು, ತಲೆಯ ಮೇಲೆ ಸೆರಗು ಎಳೆದು, ಮೇಲೆ ನೋಡು, ನಿನ್ನ ಗಂಡ ಬಂದ ಎಂದಳು. ಬಾಳಮ್ಮ ಕತ್ತೆತ್ತಿದಳು. ಗೂಡುಕಟ್ಟುವ ಹುಳದಷ್ಟು ಕಾಣುತ್ತಿದ್ದ ಗಂಡ ಗುಂಯ್ ಎನ್ನುತ್ತ ಹೋದ. ಓಣಿಯ ಹೆಂಗಸರು ನಕ್ಕರು, ಧರ್ಮಣ್ಣನಿಗೆ ತಮ್ಮನ ಹೆಂಡತಿಯಾಗಬೇಕಾದವರು ತಾವೂ ಸೆರಗು ಹೊದ್ದರು. ಗಂಡ ಹೇಳಿ ಹೋದ ಹೊಲಿಗೆಯ ಮಾತು ಬಾಳಮ್ಮನ ನಾಲಗೆಯ ತುದಿಗೆ ಬಂದಿತ್ತು. ಬಂದು ವಾರವಾಗಿರದ ಸೊಸೆ ಅತ್ತೆಯ ಮಾತಿಗೆ ಅಡ್ಡ ಹೇಳಬಾರದೆಂದು ನುಂಗಿದಳು.

ನಿಂಬೆವ್ವ ಸುಮ್ಮನೆ ನೋಡಿ ಕಳಿಸುವವಳಲ್ಲ. ವಾರದ ಸಮಾಚಾರವನ್ನೆಲ್ಲ ದೊಡ್ಡ ದನಿಯಲ್ಲಿ ಮೇಲಕ್ಕೆ ಮುಟ್ಟಿಸುತ್ತಿದ್ದಳು. ಯಾವ ಕುರಿ ಮರಿ ಹಾಕಿತು, ಯಾರು ಸತ್ತರು, ಸೊಸೆ ಸಾರಿಗೆ ಎಷ್ಟು ಉಪ್ಪು ಸುರಿದಳು. ಮೊಮ್ಮಗಳು ರೇವಮ್ಮ ಹುಟ್ಟಿದ ಮೇಲೆ ಕೂಸನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಕುಂಡಿಯ ಮೇಲೆ ಎದ್ದ ಕುರುವನ್ನು ಬಿಸಿಲಿಗೆ ತಿರುಗಿಸಿ ತೋರಿಸಿದಳು. ಒಂದು ಗುರುವಾರ ಇಡೀ ಓಣಿ ಕೇಳುವಂತೆ, ಎರಡನೆಯದು ಯಾವಾಗ ಎಂದು ಕೇಳಿಯೇಬಿಟ್ಟಳು. ಬಾಳಮ್ಮನಿಗೆ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು.

ಇದರಲ್ಲಿ ಧರ್ಮಣ್ಣನ ತಪ್ಪೇ ದೊಡ್ಡದು. ಮುಂದಿನ ರಜೆಗೆ ಬಂದಾಗ ಅವನು ತಾಯಿಗೆ ನಿಜ ಹೇಳಲು ಬಾಯಿ ತೆರೆದಿದ್ದ. ತಾನು ಹಾರುವವನಲ್ಲ, ಹೊಲಿಯುವವನು ಎಂದು ಶುರು ಮಾಡುವಷ್ಟರಲ್ಲಿ ನಿಂಬೆವ್ವ, ಹೋದ ವಾರ ಕೂಸನ್ನು ಎತ್ತಿ ತೋರಿಸಿದೆನಲ್ಲ, ಕಂಡಿತೇನು ಎಂದು ಕೇಳಿದಳು. ಅವಳ ಅರಳಿದ ಮುಖ ನೋಡಿ ಅವನು ಹೇಳಹೊರಟದ್ದನ್ನು ಬಿಟ್ಟ. ಹ್ಞೂ ಎಂದ. ಒಲೆಯ ಮುಂದೆ ಕೂತಿದ್ದ ಬಾಳಮ್ಮ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ತಿರುಗಿ ನೋಡಿದಳು. ಗಂಡ ಗೋಡೆ ನೋಡುತ್ತಿದ್ದ.

ಆಮೇಲೆ ಆ ಸುಳ್ಳನ್ನು ಸಾಕುವುದೇ ಅವನಿಗೊಂದು ಕೆಲಸವಾಯಿತು. ರಜೆಯ ಮೇಲೆ ಊರಲ್ಲಿದ್ದಾಗ ಗುರುವಾರ ಬಂದರೆ ಬೆಳಗಾಗುವ ಮೊದಲೇ ಆಳಂದದಲ್ಲಿ ಕೆಲಸವಿದೆ ಎಂದು ಹೊರಟುಬಿಡುತ್ತಿದ್ದ. ತಾನು ಮನೆಯಲ್ಲಿ ಕೂತಿರುವಾಗ ತನ್ನ ವಿಮಾನ ತಲೆಯ ಮೇಲೆ ಹೋದರೆ ತಾಯಿಗೆ ಏನು ಹೇಳುವುದು? ಸಂಜೆ ಕಾಲು ಧೂಳು ಮಾಡಿಕೊಂಡು ಬಂದರೆ ನಿಂಬೆವ್ವ ಬಿಸಿನೀರು ಕೊಟ್ಟು, ಮಧ್ಯಾಹ್ನ ನೋಡಿದೆ, ಇವತ್ತು ಸ್ವಲ್ಪ ಕೆಳಗೇ ಬಂದಿದ್ದಿ ಎನ್ನುತ್ತಿದ್ದಳು. ರಜೆಯಲ್ಲೂ ಬಿಡದೆ ದುಡಿಸುತ್ತಾರೆ ಎಂದು ಇಂಗ್ರೇಜಿ ಸರಕಾರಕ್ಕೆ ನಾಲ್ಕು ಮಾತು ಬೈಯುತ್ತಿದ್ದಳು. ಧರ್ಮಣ್ಣ ಅದಕ್ಕೂ ಹ್ಞೂ ಎನ್ನುತ್ತಿದ್ದ.

ಇಷ್ಟು ನಗುವ ಮಾತಾಯಿತು. ಬಾಳಮ್ಮನಿಗೆ ನಗು ಬರುತ್ತಿರಲಿಲ್ಲ. ಮದುವೆಯಾಗಿ ವರ್ಷಗಳು ಉರುಳಿದ್ದವು, ಗಂಡನ ಜೊತೆ ಅವಳು ಕಳೆದದ್ದು ಮೂರು ರಜೆ. ಕರಾಚಿಗೆ ಹೋಗಬೇಕೆಂದು ಒಮ್ಮೆ ಬಾಯಿಬಿಟ್ಟು ಕೇಳಿದ್ದಕ್ಕೆ ಅತ್ತೆ, ಪಕ್ಕದ ಮನೆಯ ಸುಂದರಬಾಯಿಯ ಗಂಡ ಸೊಲ್ಲಾಪುರದ ಗಿರಣಿಯಿಂದ ವರ್ಷಕ್ಕೊಮ್ಮೆ ಪಂಚಮಿಗೆ ಬರುತ್ತಾನೆ, ನಿನ್ನ ಗಂಡ ವಾರಕ್ಕೊಮ್ಮೆ ಬಂದು ಮುಖ ತೋರಿಸಿ ಹೋಗುತ್ತಾನೆ, ನಿನಗೆ ಇನ್ನೇನು ಕಡಿಮೆ ಎಂದಳು. ಕಷ್ಟ ಹೇಳಿಕೊಂಡರೆ ನಂಬುವವರಿರಲಿಲ್ಲ. ಸುಂದರಬಾಯಿಯೇ, ನಿನ್ನ ಪುಣ್ಯ ನನಗಿಲ್ಲ ನೋಡು ಎಂದು ಕಣ್ಣು ಒರೆಸಿಕೊಂಡಿದ್ದಳು. ಅತ್ತೆಗೆ ತನ್ನನ್ನು ಕಂಡರಾಗದು, ಮಗನ ಜೊತೆ ಸುಖವಾಗಿರುವುದು ನೋಡಲಾಗದು, ಅದಕ್ಕೇ ಕಟ್ಟಿಹಾಕಿದ್ದಾಳೆ ಎಂದು ಬಾಳಮ್ಮ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಳು.

ಸಾವಿರದ ಒಂಬೈನೂರ ಮೂವತ್ತೊಂಬತ್ತರ ಸುಗ್ಗಿಗೆ ಧರ್ಮಣ್ಣ ಮತ್ತೆ ರಜೆಗೆ ಬಂದ. ಈ ಸಲ ಅವನ ಹತ್ತಿರ ಒಂದು ಸುದ್ದಿಯಿತ್ತು. ಕರಾಚಿಯಲ್ಲಿ ಸಂಸಾರಸ್ಥರು ಇರುವ ಮನೆಗಳ ಲೈನಿನಲ್ಲಿ ಅವನ ಹೆಸರಿಗೆ ಒಂದು ಖೋಲಿ ಸಿಕ್ಕಿತ್ತು. ರಜೆ ಮುಗಿಸಿ ಹೆಂಡತಿಯ ಸಮೇತ ಹೋದರೆ ಖೋಲಿ ಅವನದು, ಒಬ್ಬನೇ ಹೋದರೆ ಸಾಲಿನಲ್ಲಿ ಅವನ ಹಿಂದೆ ನಿಂತವನಿಗೆ. ಮತ್ತೆ ಯಾವಾಗ ಸಿಗುವುದೋ ಯಾರಿಗೂ ಗೊತ್ತಿಲ್ಲ. ಫೌಜಿನಲ್ಲಿ ಸಾಹೇಬರ ಎದುರು ಎದೆ ಸೆಟೆಸಿ ನಿಲ್ಲುತ್ತಿದ್ದ ಈ ಗಂಡಸು ತಾಯಿಯ ಎದುರು ಖೋಲಿ ಎಂಬ ಒಂದು ಶಬ್ದ ಆಡಲಾರದೆ ಹೋದ. ದಿನಾ ಬೆಳಿಗ್ಗೆ ಗಡ್ಡ ಹೆರೆದುಕೊಂಡ, ಬೂಟು ತಿಕ್ಕಿದ, ಓಣಿಯಲ್ಲಿದ್ದ ಹರಿದ ಕಂಬಳಿ, ಕೌದಿಗಳನ್ನೆಲ್ಲ ಕೂತು ಹೊಲಿದ. ಕೊನೆಗೆ ಬಾಳಮ್ಮನೇ ಅತ್ತೆಗೆ ಹೇಳಿದಳು. ಖೋಲಿ ಸಿಕ್ಕರೆ ಅವನು ಇರಲಿ, ನೀನು ಎಲ್ಲಿಗೂ ಹೋಗಕೂಡದು ಎಂದು ಹೇಳಿ ನಿಂಬೆವ್ವ ಮೊರದಲ್ಲಿದ್ದ ಜೋಳ ಹಸನು ಮಾಡುತ್ತಲೇ ಇದ್ದಳು.

ಮರುದಿನ ಹೊಲದಲ್ಲಿ ಜೋಳದ ತೆನೆ ಮುರಿಯುವಾಗ ಬಾಳಮ್ಮ ಗಂಡನನ್ನು ಹಿಡಿದಳು.

"ನೀವು ಹಾರೂದಿಲ್ಲ ಅಂತ ಅತ್ಯಾರಿಗೆ ಇವತ್ತ ಹೇಳ್ರಿ. ಮ್ಯಾಲ ಹೋಗವ ಬ್ಯಾರೆ ಅದಾನ ಅಂತ ತಿಳಿದ್ರ ನನ್ನ ಕಳಸ್ತಾರ."

"ಅವ್ವನ ಜೀವ ಅದರಾಗೇ ಅದ. ಅದನ್ನ ಹ್ಯಾಂಗ ಕಸಗೊಳ್ಳಲಿ?"

"ನನ್ನ ಜೀವ ಯಾವದರಾಗ ಅದ ಅಂತ ಒಮ್ಮಿಯರ ಕೇಳೀರೇನು?"

ಧರ್ಮಣ್ಣ ಕುಡುಗೋಲು ಕೆಳಗಿಟ್ಟ. ಕೇಳಿರಲಿಲ್ಲ ಎನ್ನುವುದು ಅವನಿಗೂ ಗೊತ್ತಿತ್ತು. ಆದರೂ ಮನೆಗೆ ಹೋಗಿ ಹೇಳಲಿಲ್ಲ. ಇನ್ನು ಈ ಗಂಡನಿಂದ ಆಗುವ ಕೆಲಸವಲ್ಲ ಇದು ಎಂದು ಬಾಳಮ್ಮ ತಾನೇ ಟೊಂಕ ಕಟ್ಟಿದಳು.

ರಜೆಯ ಕೊನೆಯ ಗುರುವಾರ ಬಂತು. ನಿಂಬೆವ್ವ ನಸುಕಿಗೇ ಕಣಕ್ಕೆ ಹೋದಳು. ಅವಳ ಬೆನ್ನು ತಿರುಗಿದ್ದೇ ತಡ ಬಾಳಮ್ಮ ಗಂಡನ ಧೋತರ, ಅಂಗಿ, ಖಾಕಿ ಚಡ್ಡಿ, ರುಮಾಲು ಎಲ್ಲವನ್ನೂ ಒಟ್ಟು ಮಾಡಿ ಹಳ್ಳಕ್ಕೆ ಒಯ್ದು ನೀರಲ್ಲಿ ಅದ್ದಿಬಿಟ್ಟಳು. ಆಳಂದಕ್ಕೆ ಓಡಲು ಎದ್ದ ಧರ್ಮಣ್ಣನಿಗೆ ಸಿಕ್ಕಿದ್ದು ಮೈಮೇಲಿನ ಲಂಗೋಟಿ ಮತ್ತು ಗೋಡೆಯ ಗೂಟಕ್ಕೆ ತೂಗಿದ ಕರಿ ಕಂಬಳಿ. ಲಂಗೋಟಿಯ ಮೇಲೆ ಆಳಂದಕ್ಕೆ ಹೋಗುವಷ್ಟು ಧೈರ್ಯ ಅವನಿಗೆ ಫೌಜಿನಲ್ಲಿ ಕಲಿಸಿರಲಿಲ್ಲ. ಕಂಬಳಿ ಸುತ್ತಿಕೊಂಡು ಒಳಮನೆಯ ಕತ್ತಲಲ್ಲಿ ಕೂತ. ಬಟ್ಟೆ ಯಾವಾಗ ಒಣಗುತ್ತದೆ ಎಂದು ಒಂದೆರಡು ಸಲ ಕೇಳಿದ. ಈ ಬಿಸಿಲಿಗೆ ಸಂಜೆಯಾಗುತ್ತದೆ ಎಂದು ಬಾಳಮ್ಮ ಉತ್ತರ ಕೊಟ್ಟಳು. ಅವಳ ಲೆಕ್ಕ ಸರಳವಾಗಿತ್ತು. ವಿಮಾನ ಮೇಲೆ ಬಂದಾಗ ಇವನನ್ನು ಕಂಬಳಿಯ ಸಮೇತ ಅಂಗಳಕ್ಕೆ ದಬ್ಬಬೇಕು. ಮೇಲೊಬ್ಬ ಕೆಳಗೊಬ್ಬ ಮಗ ಕಂಡರೆ ಅತ್ತೆಯ ಕಣ್ಣು ತೆರೆಯುತ್ತದೆ.

ಬಿಸಿಲೇರಿತು. ನಿಂಬೆವ್ವ ಕಣದಿಂದ ಬಂದಳು, ಮೈತುಂಬ ಹೊಟ್ಟು. ಮಗ ಎಂದಿನಂತೆ ಡ್ಯೂಟಿಗೆ ಹೋಗಿದ್ದಾನೆ ಎಂದೇ ಅವಳ ಎಣಿಕೆ. ಸೊಸೆಯನ್ನು ಪಕ್ಕಕ್ಕೆ ನಿಲ್ಲಿಸಿಕೊಂಡಳು, ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡಳು. ಪಡುವಣದಲ್ಲಿ ಗುಂಯ್ ಎನ್ನುವ ಸದ್ದು ಎದ್ದಿತು. ಬಾಳಮ್ಮ ಬಾಗಿಲ ಕಡೆ ಒಂದು ಹೆಜ್ಜೆ ಸರಿದು ನಿಂತಳು. ಆದರೆ ಆ ದಿನ ನಿಂಬೆವ್ವ ಕುರಿಯ ಸುದ್ದಿ, ಉಪ್ಪಿನ ಸುದ್ದಿ ಯಾವುದನ್ನೂ ಎತ್ತಲಿಲ್ಲ. ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತ ಮಾತಾಡಿದಳು.

"ಧರ್ಮಾ, ಮನಿಯಾಗ ನಿನ್ನ ಮಾರಿ ನೋಡಿ ಹೇಳಾಕ ನನಗ ಬಾಯಿ ಬರೂದಿಲ್ಲ, ಅದಕ ಇಲ್ಲಿ ಹೇಳ್ತೇನಿ. ಬಾಳವ್ವನ್ನ ಕಳಸೂದಿಲ್ಲ ಅಂದೆ ಅಂತ ಸಿಟ್ಟಾಗಬ್ಯಾಡ. ನಾ ನಿಮ್ಮಪ್ಪನ ಕೂಡ ಕುರಿ ಹಿಂದ ತಿರುಗಿದಾಕಿ. ಗಂಡ ಎಲ್ಲಿಗೆ ಹೋಗ್ತಾನ, ಹೇಂತಿ, ಕೂಸು, ಗಡಗಿ, ಕೋಳಿ ಎಲ್ಲಾ ಕುದರಿ ಮ್ಯಾಲ ಹೇರಿಕೊಂಡು ಅಲ್ಲಿಗೆ ಹೋಗಬೇಕು. ನೀ ಆಕೀನ ಒಯ್ದ್ರ ಆಕೀನೂ ಕೂಸಿನ್ನೂ ಈ ವಿಮಾನದ ಮ್ಯಾಲೇ ಹೇರ್ತಿ. ನೀ ಒಬ್ಬವ ಮ್ಯಾಲ ಅದಿ ಅಂತ ಗುರುವಾರ ನನಗ ತುತ್ತು ಇಳಿಯೂದಿಲ್ಲ, ನೀ ಬೀಳದಂಗ ದಾಟಿ ಹೋದ ಮ್ಯಾಲೇ ನಾ ಉಣ್ಣೂದು. ಮೂರೂ ಮಂದಿ ಮ್ಯಾಲ ಹೋದ್ರ ನಾ ಹ್ಯಾಂಗ ತಡಕೊಳ್ಳಲಿ? ಸೊಸೀನರ ನೆಲದ ಮ್ಯಾಲ ಇರ್ಲಿ, ಮಗನ. ಆ ಹುಡುಗಿ ಭಾಳ ಒಳ್ಳೇಕಿ ಅದಾಳ."

ಬಾಳಮ್ಮ ಬಾಗಿಲ ಕಡೆ ಹೋಗದೆ ಅತ್ತೆಯ ಕಡೆ ತಿರುಗಿದಳು. ಇಷ್ಟು ದಿನ ಬೈಗುಳ ಬಿಟ್ಟು ಬೇರೇನೂ ಬರದ ಬಾಯಿಂದ ಈ ಮಾತು ಬಂದಿತ್ತು. ಗಂಡನನ್ನು ಹೊರಗೆ ದಬ್ಬಬೇಕಾದ ಗಳಿಗೆ ಇದೇ. ಅವಳಿಗೆ ಈಗ ಅವನು ಹೊರಗೆ ಬರುವುದೇ ಬೇಡ ಎನಿಸಿತು. ಕಂಬಳಿಯಲ್ಲಿ ಹಾಗೇ ಕೂತಿರಲಿ, ಖೋಲಿ ಯಾರಿಗಾದರೂ ಹೋಗಲಿ, ಈ ಮುದುಕಿಯ ಮುಖ ಬೀಳುವುದನ್ನು ತಾನು ನೋಡಲಾರೆ ಎಂದುಕೊಂಡಳು.

ಆದರೆ ಒಳಗಿದ್ದವನೂ ಕೇಳಿಸಿಕೊಂಡಿದ್ದ. ತಾಯಿಗೆ ಸಮಾಧಾನವಾಗಲಿ ಎಂದು ತಾನಾಡಿದ ಸುಳ್ಳು ವಾರವಾರವೂ ಅವಳನ್ನು ಉಪವಾಸ ಕೆಡವಿತ್ತು, ಹೆಂಡತಿಯನ್ನು ಇಲ್ಲಿ ಕಟ್ಟಿಹಾಕಿತ್ತು. ಧರ್ಮಣ್ಣ ತನ್ನ ಜೀವಮಾನದಲ್ಲಿ ಮೊದಲ ಸಲ ಯಾರೂ ದಬ್ಬದೆ ತಾನಾಗಿ ಹೊಸ್ತಿಲು ದಾಟಿದ. ಕಂಬಳಿ ಒಂದು ಕಡೆ ಜಾರಿತ್ತು, ಬರಿಗಾಲು ಬಿಸಿಲಿಗೆ ಕುಣಿಯುತ್ತಿತ್ತು.

"ಅವ್ವಾ, ನಾ ಇಲ್ಲೇ ಅದೇನಿ."

ನಿಂಬೆವ್ವ ಅವನನ್ನು ನೋಡಿದಳು. ತಲೆಯ ಮೇಲೆ ಸರಿಯಾಗಿ ಬಂದಿದ್ದ ವಿಮಾನವನ್ನು ನೋಡಿದಳು. ಮತ್ತೆ ಅವನನ್ನು ನೋಡಿದಳು. ಅಳುತ್ತಾಳೆ, ಕುಸಿಯುತ್ತಾಳೆ ಎಂದು ಬಾಳಮ್ಮ ಹಿಡಿಯಲು ಕೈ ಚಾಚಿದಳು. ನಿಂಬೆವ್ವ ಮಾಡಿದ್ದು ಬೇರೆ. ತನ್ನ ತಲೆಗೆ ಗಬಕ್ಕನೆ ಸೆರಗು ಎಳೆದುಕೊಂಡು, ಮೊಮ್ಮಗಳನ್ನು ಬಗಲಲ್ಲಿ ಮುಚ್ಚಿಕೊಂಡು, ಸೊಸೆಯ ಬೆನ್ನಿಗೊಂದು ಗುದ್ದಿ ಮನೆಯೊಳಗೆ ನೂಕಿದಳು.

"ಒಳಗ ನಡಿ ಬೇ. ಅಂವ ಯಾವನೋ ಏನೋ, ಪರಗಂಡಸು."

ವಿಮಾನ ದಾಟಿ ಹೋಗುವತನಕ ಯಾರನ್ನೂ ಹೊರಗೆ ಬಿಡಲಿಲ್ಲ. ಒಳಗೆ ಕೂತು ಹಣೆ ಚಚ್ಚಿಕೊಂಡಳು. ಮನೆಯ ಮರ್ಯಾದೆಯನ್ನೆಲ್ಲ ಗುರುತಿಲ್ಲದ ಗಂಡಸಿನ ಮುಂದೆ ವಾರವಾರ ಹರವಿದ್ದೆನಲ್ಲ, ಸೊಸೆಯನ್ನು ಕೈಹಿಡಿದು ತಂದು ನಿಲ್ಲಿಸಿದೆನಲ್ಲ, ಕೂಸಿನ ಕುರು ತೋರಿಸಿದೆನಲ್ಲ, ಎರಡನೆಯದು ಯಾವಾಗ ಎಂದು ಅವನನ್ನು ಕೇಳಿದೆನಲ್ಲ. ಅದನ್ನು ನೆನೆದಾಗಲಂತೂ ಬಾಯಿಗೆ ಸೆರಗು ತುರುಕಿಕೊಂಡಳು. ಆಮೇಲೆ ಶರಫುದ್ದೀನನಿಗೆ ಕರೆ ಹೋಯಿತು. ಬಂದು ನಿಂತ ಶರಫುದ್ದೀನ ಕಂಬಳಿಯಲ್ಲಿದ್ದ ಧರ್ಮಣ್ಣನನ್ನು ಕಂಡು ವಿಷಯ ಹಿಡಿದ. ಅದು ಟಪಾಲಿನದಿರಬೇಕು ಎಂದು ನಿಧಾನವಾಗಿ ಹೇಳಿದ. ಮೊದಲೇ ಯಾಕೆ ಹೇಳಲಿಲ್ಲ ಎಂದರೆ, ನೀನು ಟಪಾಲಿನದೇ ಎಂದು ಕೇಳಲಿಲ್ಲ, ಧರ್ಮಣ್ಣನದೇ ಎಂದು ಕೇಳಿದೆ, ನಾನು ಕೇಳಿದ್ದಕ್ಕೆ ಹೇಳಿದೆ ಎಂದು ಅದಬಿನಿಂದ ಬಾಗಿ ಸಲಾಂ ಮಾಡಿ ಹೊರಟುಹೋದ.

ಅವನು ಹೋದ ಮೇಲೆ ನಿಂಬೆವ್ವ ಮಗನನ್ನು ಎದುರು ಕೂರಿಸಿಕೊಂಡಳು.

"ಹಂಗಾರ ನೀ ಒಮ್ಮಿನೂ ಮ್ಯಾಲ ಹೋಗಿಲ್ಲ?"

"ಇಲ್ಲವ್ವಾ. ನೆಲದ ಮ್ಯಾಲ ಕುಂತು ರೆಕ್ಕಿ ಹೊಲಿತೇನಿ. ಅಪ್ಪ ಕಂಬಳಿ ಹೊಲಿತಿದ್ದನಲ್ಲ, ಹಂಗ."

ಅವಳು ಅವನ ಬೆನ್ನಿಗೆ ಕಂಬಳಿಯ ಮೇಲೆಯೇ ಎರಡೂ ಕೈಯಿಂದ ಗುದ್ದಿದಳು. ಹಳೆಯ ಕಂಬಳಿಯಿಂದ ಧೂಳು ಎದ್ದಿತು. ಗುದ್ದುತ್ತ ಗುದ್ದುತ್ತ ಅದೇ ಕಂಬಳಿ ಹಿಡಿದುಕೊಂಡು ಅತ್ತಳು. ಮಗ ಬಿದ್ದುಹೋಗುವ ಭಯ ಅವಳ ಎದೆಯಿಂದ ಇಳಿದುಹೋಗಿತ್ತು, ಅದನ್ನು ಇಷ್ಟು ವರ್ಷ ಸುಮ್ಮನೆ ಹೊರಿಸಿದ ಮಗನ ಮೇಲೆ ಸಿಟ್ಟು ಏರಿತ್ತು, ಎರಡೂ ಒಟ್ಟಿಗೇ ಬಂದು ಯಾವುದಕ್ಕೆ ಅಳುತ್ತಿದ್ದೇನೆ ಎಂದು ಅವಳಿಗೂ ತಿಳಿಯಲಿಲ್ಲ. ಮೂಗು ಒರೆಸಿಕೊಂಡು ಕೊನೆಗೆ ಹೇಳಿದಳು.

"ಹೇಂತೀನ ಕರಕೊಂಡು ಹೋಗು. ನೆಲದ ಮ್ಯಾಲಿನ ಗಂಡನ ಕೂಡ ಇರಾಕ ಆಕಿಗೆ ಯಾರ ಅಪ್ಪಣಿ ಬೇಕು?"

ಬಟ್ಟೆ ಇನ್ನೂ ಒಣಗಿರಲಿಲ್ಲ. ನಿಂಬೆವ್ವ ತಾನೇ ಅಟ್ಟದಿಂದ ಟ್ರಂಕು ಇಳಿಸಿ ಗಂಟು ಕಟ್ಟಲು ಕೂತಳು. ಶೇಂಗಾ ಹಿಂಡಿ, ಜೋಳದ ಹಿಟ್ಟು, ಕೆಂಪು ಖಾರ, ಕೂಸಿಗೆ ಎಣ್ಣೆ. ಕರಾಚಿಯಲ್ಲಿ ಜೋಳ ಸಿಗುತ್ತದೋ ಇಲ್ಲವೋ ಎಂದು ಇನ್ನೊಂದು ಸೇರು ಹಿಟ್ಟು ತುರುಕಿದಳು. ನೀವೂ ಬನ್ನಿ ಎಂದು ಬಾಳಮ್ಮ ಕರೆದಳು. ಕುರಿ ಯಾರು ನೋಡುತ್ತಾರೆ, ನಿನ್ನ ಎರಡನೆಯ ಬಾಣಂತನಕ್ಕೆ ಬರುತ್ತೇನೆ ಎಂದು ಅತ್ತೆ ತಲೆಯೆತ್ತದೆ ಹೇಳಿದಳು. ಇಷ್ಟು ವರ್ಷ ಕಾದ ದಿನ ಬಂದಿತ್ತು, ಬಾಳಮ್ಮನಿಗೆ ಒಂದು ಸೀರೆ ಮಡಚಿಡಲೂ ಕೈ ಏಳಲಿಲ್ಲ. ಟ್ರಂಕಿನ ಪಕ್ಕ ಕೂತು ಕಣ್ಣೀರು ಹಾಕುತ್ತಿದ್ದಳು. ನಿಂಬೆವ್ವ ಹಿಟ್ಟಿನ ಗಂಟಿನ ಬಾಯಿ ಬಿಗಿಯುತ್ತ ಅವಳನ್ನು ನೋಡಿದಳು.

"ನಿನ್ನ ಮ್ಯಾಲಿನ ಸಿಟ್ಟಿಗೆ ಕಟ್ಟಿಹಾಕೇನಿ ಅಂತ ತಿಳಿದಿದ್ದೇನು?"

ಸುಳ್ಳು ಹೇಳಬಹುದಿತ್ತು. ಆ ಮನೆಯಲ್ಲಿ ಸುಳ್ಳು ಸಾಕಾಗಿತ್ತು.

"ಹೌದ್ರಿ ಅತ್ತಿ. ಹಂಗ ತಿಳಿದಿದ್ದೆ."

"ಹಂಗ ತಿಳಿದಿದ್ದೇ ಛಲೋ ಆತು," ಎಂದಳು ನಿಂಬೆವ್ವ. "ನೀ ಸಿಟ್ಟಿನಾಗ ಇದ್ದಿ, ಅಂವ ಬಿದ್ದಾನು ಅನ್ನೂ ಅಂಜಿಕಿ ನನಗೊಬ್ಬಾಕಿಗೇ ಇತ್ತು."